ನೆಲದಡಿಯ ನೀರು: ಯಾರಿಗೆ ಲಾಭ, ಯಾರ ತಲೆಗೆ ಖರ್ಚು

(ವಿಜಯಪುರದಲ್ಲಿ ರೈತರು, ನೀರು ಬಳಕೆದಾರರ ಸಹಕಾರ ಸಂಘಗಳ ಸದಸ್ಯರು ಮತ್ತು ಅರ್ಥಶಾಸ್ತ್ರದ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ಶರಣು ಶರಣಾರ್ಥಿ.

ನೈಸರ್ಗಿಕ ಸಂಪನ್ಮೂಲ ಎಂದ ಕೂಡಲೇ ಕಲ್ಲು, ಮರಳು, ಸುಣ್ಣದ ಕಲ್ಲು, ಕಾಡು, ಗೋಮಾಳ ಎಲ್ಲವೂ ಬರುತ್ತವೆ. ನಮ್ಮ ಸೀಮೆಯಲ್ಲಿ ಇವೆಲ್ಲವೂ ಇವೆ, ಎಲ್ಲದಕ್ಕೂ ತಕರಾರು ಇದೆ. ಎಲ್ಲವನ್ನೂ ಮುಟ್ಟಲು ಹೋದರೆ ಯಾವುದೂ ತಲೆಗೆ ಹತ್ತುವುದಿಲ್ಲ. ಅದಕ್ಕೆ ಇವತ್ತು ನೀರೊಂದನ್ನೇ ಹಿಡಿಯುತ್ತೇನೆ, ಅದರಲ್ಲೂ ನೆಲದಡಿಯ ನೀರು. ನನ್ನ ವಾದ ಇಷ್ಟು: ನೀರನ್ನು ಜಾಣತನದಿಂದ ಬಳಸುವ ಮಾತು ಆಮೇಲಿನದು, ಎಷ್ಟು ಎತ್ತಬಹುದು ಎಂಬ ಮಿತಿ ಮೊದಲು ಆಗಬೇಕು. ಆ ಮಿತಿಯನ್ನು ಹಾಕುವುದು ಎಂಜಿನಿಯರಿಂಗ್ ಕೆಲಸ ಅಲ್ಲ, ಅದು ನ್ಯಾಯದ ಕೆಲಸ. ಯಾಕೆಂದರೆ ಬೋರಿನ ಸ್ವಿಚ್ ಒತ್ತುವವರು ಒಬ್ಬರು, ಅದರ ಖರ್ಚು ಹೊರುವವರು ಇನ್ನೊಬ್ಬರು.

ಮೊದಲು ಲೆಕ್ಕ ಮಾಡೋಣ. ವಹಿ ಇದ್ದವರು ಬರೆದುಕೊಳ್ಳಿ.

ಒಂದು ಎಕರೆ ಅಂದರೆ 4,047 ಚದರ ಮೀಟರ್. ಅದರ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 4,047 ಲೀಟರ್. ಈ ಒಂದು ಅಂಕಿ ನೆನಪಿದ್ದರೆ ಉಳಿದದ್ದೆಲ್ಲ ಸುಲಭ. ವಿಜಯಪುರದ ಸುತ್ತ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಎಂದು ಹಿಡಿಯಿರಿ. ಇದರಲ್ಲಿ ಹೆಚ್ಚಿನ ಪಾಲು ಆವಿಯಾಗಿ, ಬೆಳೆಯ ಬೇರಿಗೆ ಹೋಗಿ, ಹಳ್ಳ ಸೇರಿ ಮುಗಿಯುತ್ತದೆ. ಕರಿಕಲ್ಲಿನ, ಅಂದರೆ ಬಸಾಲ್ಟ್ ಬಂಡೆಯ ನಾಡಿನಲ್ಲಿ ನೂರಕ್ಕೆ ಹತ್ತು ಪಾಲು ಕೆಳಗಿಳಿದರೆ ಅದೇ ದೊಡ್ಡದು. ಧಾರಾಳವಾಗಿ ಹತ್ತೇ ಹಿಡಿಯೋಣ: ವರ್ಷಕ್ಕೆ 60 ಮಿಲಿಮೀಟರ್, ಎಕರೆಗೆ ಸುಮಾರು 2 ಲಕ್ಷ 43 ಸಾವಿರ ಲೀಟರ್. ನೆಲದಡಿಯ ಖಾತೆಗೆ ಒಂದು ಎಕರೆಯಿಂದ ವರ್ಷಕ್ಕೆ ಬೀಳುವ ಜಮೆ ಇಷ್ಟೇ.

ಇನ್ನು ಖರ್ಚು. ಒಂದು ಎಕರೆ ಕಬ್ಬಿಗೆ ವರ್ಷಕ್ಕೆ 1,500ರಿಂದ 2,500 ಮಿಲಿಮೀಟರ್ ನೀರು ಬೇಕು ಎನ್ನುತ್ತಾರೆ. ಮಳೆಯ ಪಾಲು ಕಳೆದು 1,500 ಮಿಲಿಮೀಟರನ್ನು ಬೋರಿನಿಂದ ಕೊಟ್ಟರೆ 60 ಲಕ್ಷ ಲೀಟರ್ ದಾಟುತ್ತದೆ. ಭಾಗಿಸಿ ನೋಡಿ. ಒಂದು ಎಕರೆ ಕಬ್ಬು 25 ಎಕರೆಯ ಜಮೆಯನ್ನು ಎತ್ತುತ್ತದೆ. ಹರಿಸಿದ ನೀರಿನಲ್ಲಿ ಕಾಲು ಭಾಗ ಮತ್ತೆ ನೆಲಕ್ಕೆ ಇಂಗುತ್ತದೆ ಎಂದು ರಿಯಾಯಿತಿ ಕೊಟ್ಟರೂ 19 ಎಕರೆ. ಅಂದರೆ ನನ್ನ ಒಂದು ಎಕರೆ ಕಬ್ಬಿನ ಕೆಳಗೆ ಸುತ್ತಲಿನ ಹದಿನೆಂಟು ಎಕರೆಯವರ ನೀರು ಇದೆ. ಅವರಲ್ಲಿ ಯಾರೂ ನನಗೆ ಸಹಿ ಮಾಡಿ ಕೊಟ್ಟಿಲ್ಲ.

ಬಂಡೆಯೊಳಗೆ ಎಷ್ಟು ಜಾಗ ಇದೆ ಎಂಬುದನ್ನೂ ನೋಡಬೇಕು. ನಮ್ಮ ಬಸಾಲ್ಟಿನಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮತ್ತು ಮೇಲಿನ ಕಳಿತ ಪದರದಲ್ಲಿ. ನೂರು ಪಾಲು ಬಂಡೆಯಲ್ಲಿ ಎತ್ತಲು ಸಿಗುವ ನೀರು ಸುಮಾರು ಎರಡು ಪಾಲು. ಹಾಗಾಗಿ ಬಾವಿಯ ನೀರಿನ ಮಟ್ಟ ಒಂದು ಮೀಟರ್ ಏರಿತು ಎಂದರೆ ಸೇರಿದ್ದು 20 ಮಿಲಿಮೀಟರ್ ನೀರು ಮಾತ್ರ. ಬೇಸಿಗೆಯಲ್ಲಿ ಕಬ್ಬು ದಿನಕ್ಕೆ 6ರಿಂದ 8 ಮಿಲಿಮೀಟರ್ ಕುಡಿಯುತ್ತದೆ. ಒಂದು ವಾರದ ನೀರು ಎರಡು ಮೀಟರಿಗೂ ಹೆಚ್ಚಿನ ಮಟ್ಟಕ್ಕೆ ಸಮ. ಮಳೆಗಾಲದಲ್ಲಿ ಬಾವಿ ಬೇಗ ತುಂಬುತ್ತದೆ ಎಂದು ನಾವು ಹಿಗ್ಗುತ್ತೇವೆ. ಬೇಗ ತುಂಬುವುದು ಪಾತ್ರೆ ಸಣ್ಣದಿರುವುದರಿಂದ. ಅದೇ ಕಾರಣಕ್ಕೆ ಬೇಗ ಬರಿದೂ ಆಗುತ್ತದೆ.

ಇಲ್ಲಿ ಅಳತೆಯ ಒಂದು ತಪ್ಪನ್ನು ಹೇಳಿಬಿಡುತ್ತೇನೆ, ಏಕೆಂದರೆ ಇದರ ಮೇಲೆ ಸಾಲ ಎತ್ತಿದ ಮನೆಗಳಿವೆ. ಬೋರು ಕೊರೆಸಿದ ದಿನ ‘ಎರಡಿಂಚ ನೀರ ಬಿದ್ದಾವ’, ‘ನಾಕಿಂಚ ಬಿದ್ದಾವ’ ಅನ್ನುತ್ತೇವೆ. ಆ ಇಂಚು ಪೈಪಿನ ದಪ್ಪ ಅಲ್ಲ. ವಿ ಆಕಾರದಲ್ಲಿ ಕೊಯ್ದ ತಗಡಿನ ಮೇಲೆ ನೀರು ಎಷ್ಟು ಎತ್ತರ ಹರಿಯಿತು ಎಂಬುದು. ಎತ್ತರ ಏರಿದ ಹಾಗೆ ಅಗಲವೂ ಏರುತ್ತದೆ, ವೇಗವೂ ಏರುತ್ತದೆ. ಆದ್ದರಿಂದ ನಾಲ್ಕಿಂಚು ಎಂದರೆ ಎರಡಿಂಚಿನ ಎರಡು ಪಟ್ಟು ಅಲ್ಲ, ಐದೂವರೆ ಪಟ್ಟಿಗಿಂತ ಹೆಚ್ಚು. ಎರಡಿಂಚು ಗಂಟೆಗೆ ಸುಮಾರು 2,900 ಲೀಟರ್, ಮೂರಿಂಚು ಸುಮಾರು 8,000, ನಾಲ್ಕಿಂಚು 16,000ಕ್ಕೂ ಮೇಲೆ. ಎರಡಿಂಚಿನ ಬೋರು ದಿನಕ್ಕೆ ಏಳು ಗಂಟೆ ನಡೆದರೆ ಸಿಗುವುದು ಸುಮಾರು 20,000 ಲೀಟರ್, ಅಂದರೆ ಎಕರೆಗೆ 5 ಮಿಲಿಮೀಟರ್. ಬೇಸಿಗೆಯಲ್ಲಿ ಅದು ಒಂದು ಎಕರೆ ಕಬ್ಬಿಗೂ ಸಾಲದು. ಹೀಗಿದ್ದೂ ಎರಡಿಂಚು ನಂಬಿ ಮೂರು ಎಕರೆ ನಾಟಿ ಮಾಡಿ, ಮಾರ್ಚ್ ಬಂದಾಗ ಎರಡನೇ ಬೋರಿಗೆ ಲಾರಿ ಕರೆಸುತ್ತಾರೆ. ಕೊರೆಸಿದ ದಿನದ ನೀರು ಬಿರುಕಿನಲ್ಲಿ ಕೂಡಿಟ್ಟ ನೀರು, ಅದು ಎಂಟು ಗಂಟೆ ಎಡೆಬಿಡದೆ ಎತ್ತಿದ ಮೇಲೂ ಉಳಿಯುತ್ತದೆಯೇ ಎಂದು ನೋಡದೆ ಮೋಟರ್ ಆಯಬಾರದು.

ರೈತ ದಡ್ಡನಲ್ಲ

ಕಬ್ಬು ಬೆಳೆಯುವವರನ್ನು ಬೈಯುವುದು ಸುಲಭ, ಅದು ಅನ್ಯಾಯವೂ ಹೌದು. ಕಬ್ಬಿಗೆ ಒಬ್ಬ ಖಾಯಂ ಗಿರಾಕಿ ಇದ್ದಾನೆ. ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಬೆಲೆ, ಘೋಷಿಸುತ್ತದೆ: 2024-25ಕ್ಕೆ ಶೇ 10.25 ಸಕ್ಕರೆ ಇಳುವರಿಯ ಕಬ್ಬಿಗೆ ಟನ್ನಿಗೆ 3,400 ರೂಪಾಯಿ ಇತ್ತು. ಬಿಲ್ಲು ತಡವಾಗಬಹುದು, ತೂಕದಲ್ಲಿ ಜಗಳ ಆಗಬಹುದು, ಆದರೂ ಬೆಳೆ ರಸ್ತೆಯಲ್ಲಿ ಸುರಿಯುವ ಸ್ಥಿತಿ ಬರುವುದಿಲ್ಲ. ಉಳ್ಳಾಗಡ್ಡಿ, ಟೊಮ್ಯಾಟೊ ಬೆಳೆದವರನ್ನು ಕೇಳಿ ನೋಡಿ. ಬಿಳಿಜೋಳಕ್ಕೂ ತೊಗರಿಗೂ ಬೆಂಬಲ ಬೆಲೆ ಇದೆ, ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಣ್ಣ ರೈತನ ಚೀಲ ವ್ಯಾಪಾರಿಯ ಕೈ ಸೇರಿರುತ್ತದೆ. ಆಳು ಸಿಗದ ಕಾಲದಲ್ಲಿ ಕಬ್ಬು ಕಡಿಮೆ ಆಳಿನಲ್ಲಿ ನಡೆಯುತ್ತದೆ. ಆದ್ದರಿಂದ ಕಬ್ಬಿನ ಆಯ್ಕೆ ರೈತನ ಕಡೆಯಿಂದ ಸರಿಯಾದ ಲೆಕ್ಕವೇ. ಆ ಲೆಕ್ಕದಲ್ಲಿ ನೀರಿನ ಕಾಲಂ ಖಾಲಿ ಇದೆ, ತೊಂದರೆ ಇರುವುದು ಅಲ್ಲಿ.

ಅದು ಖಾಲಿ ಇರಲು ಕಾರಣಗಳಿವೆ. ಮೊದಲನೆಯದು ಕಾನೂನು. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ, ನಿಶ್ಚಿತ ಪಾತ್ರದಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಸರಹದ್ದಿನೊಳಗೆ ಎತ್ತಿಕೊಳ್ಳುವುದು ಭೂಮಾಲೀಕನ ಹಕ್ಕು. ಎತ್ತಿನ ಕಪಲಿಯಲ್ಲಿ ನೀರು ಸೇದುವ ಕಾಲಕ್ಕೆ ಅದು ಹೊಂದುತ್ತಿತ್ತು. ಎತ್ತುಗಳ ದಣಿವೇ ಮಿತಿಯಾಗಿತ್ತು. ಕಲ್ಲನ್ನು ನೂರಾರು ಅಡಿ ಕೊರೆಯುವ ಯಂತ್ರ ಬಂದ ಮೇಲೂ ಅದೇ ಹಕ್ಕು ಉಳಿದುಕೊಂಡಿತು. ನಮ್ಮ ರಾಜ್ಯದಲ್ಲಿ ಕುಡಿಯುವ ನೀರಿನ ಮೂಲಗಳ ರಕ್ಷಣೆಗೆ 1999ರ ಕಾಯ್ದೆ ಇದೆ: ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಪರವಾನಗಿ ಇಲ್ಲದೆ ಬಾವಿ ತೋಡುವಂತಿಲ್ಲ. 2011ರ ಅಂತರ್ಜಲ ಕಾಯ್ದೆಯೂ ಇದೆ. ಕಮಲ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಇನ್ನೂ ದೊಡ್ಡದು: ಇಂಥ ಸಂಪತ್ತಿಗೆ ಸರ್ಕಾರ ಒಡೆಯನಲ್ಲ, ಜನರ ಪರವಾಗಿ ಇಟ್ಟುಕೊಂಡ ಧರ್ಮದರ್ಶಿ. ಆದರೆ ರಾತ್ರಿ ಊರಿಗೆ ನುಗ್ಗುವ ಬೋರಿನ ಲಾರಿಯನ್ನು ಕಾಯ್ದೆಯ ಪುಸ್ತಕ ತಡೆಯುವುದಿಲ್ಲ, ಊರವರು ತಡೆಯಬೇಕು.

ಎರಡನೆಯದು ಕರೆಂಟು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ. ಒಂದು ಘನ ಮೀಟರ್ ನೀರನ್ನು 100 ಮೀಟರ್ ಆಳದಿಂದ ಎತ್ತಲು, ಪಂಪಿನ ದಕ್ಷತೆ ನೂರಕ್ಕೆ 40 ಇದ್ದರೆ, ಸುಮಾರು 0.68 ಯೂನಿಟ್ ಬೇಕು. ಒಂದು ಎಕರೆ ಕಬ್ಬಿನ 6,000 ಘನ ಮೀಟರಿಗೆ ಸುಮಾರು 4,100 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ವರ್ಷಕ್ಕೆ 24,000 ರೂಪಾಯಿ ಮೇಲೆ. ನೀರು 200 ಮೀಟರಿಗೆ ಇಳಿದರೆ ಅದು ಇಮ್ಮಡಿ. ಈ ಹಣ ಸಾರ್ವಜನಿಕ ಖಜಾನೆಯದು. ಮಳೆ ನಂಬಿ ಹಿಂಗಾರಿ ಜೋಳ ಬಿತ್ತುವ ಒಣಬೇಸಾಯದವನಿಗೆ ಇದರಲ್ಲಿ ಒಂದು ಪೈಸೆ ಇಲ್ಲ, ಹೊಲವೇ ಇಲ್ಲದ ಕೂಲಿಯವಳಿಗಂತೂ ಇಲ್ಲವೇ ಇಲ್ಲ. ಎಷ್ಟು ಆಳಕ್ಕೆ ಹೋಗುವ ತಾಕತ್ತಿದೆಯೋ ಅಷ್ಟು ಹೆಚ್ಚು ಸಹಾಯಧನ. ಬಡವರ ಹೆಸರಿನಲ್ಲಿ ಬಂದ ಸೌಲಭ್ಯ ಹೀಗೆ ಆಳವಾದ ಬೋರಿನ ಕಡೆಗೆ ಹರಿಯುತ್ತದೆ.

ಇದರ ಜೊತೆಗೆ ಆಟೊ ಸ್ಟಾರ್ಟರ್. ತ್ರೀಫೇಸ್ ಯಾವಾಗ ಬರುತ್ತದೆ ಎಂಬ ಖಾತ್ರಿ ಇಲ್ಲದ್ದರಿಂದ ರೈತ ಅದನ್ನು ಕೂರಿಸುತ್ತಾನೆ, ಅವನದ್ದೇನೂ ತಪ್ಪಿಲ್ಲ. ರಾತ್ರಿ ಎರಡು ಗಂಟೆಗೆ ಕರೆಂಟು ಬಂದಾಗ ಮೋಟರ್ ತಾನೇ ಶುರುವಾಗುತ್ತದೆ, ನೀರು ಸಂಜೆ ತೆರೆದಿಟ್ಟ ಸಾಲಿಗೆ ಹೋಗುತ್ತದೆ, ಸಾಲು ತುಂಬಿ ಬದು ಹಾರಿ ರಸ್ತೆಗೆ ಬರುತ್ತದೆ. ಬೆಳಕು ಹರಿಯುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಜೊತೆಗೆ ಊರಿನ ಎಲ್ಲ ಮೋಟರುಗಳು ಒಂದೇ ಕ್ಷಣಕ್ಕೆ ಎದ್ದಾಗ ವೋಲ್ಟೇಜ್ ಬಿದ್ದು ವೈಂಡಿಂಗ್ ಸುಡುತ್ತದೆ, ಟಿಸಿಯೂ, ಅಂದರೆ ಟ್ರಾನ್ಸ್‌ಫಾರ್ಮರೂ ಸುಡುತ್ತದೆ. ಖಚಿತ ಸಮಯಕ್ಕೆ, ಹಗಲಿನಲ್ಲಿ, ಸರಿಯಾದ ವೋಲ್ಟೇಜಿನ ಕರೆಂಟು ಕೊಟ್ಟರೆ ಕಡಿಮೆ ಗಂಟೆಗೂ ರೈತ ಒಪ್ಪುತ್ತಾನೆ.

ಮೂರನೆಯದು ಬಡ್ಡಿ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ಗಮನ ಕೊಡಿ. ಇಪ್ಪತ್ತು ವರ್ಷದ ನಂತರ ಸಿಗುವ ಒಂದು ಲಕ್ಷ ರೂಪಾಯಿಯ ಇವತ್ತಿನ ಬೆಲೆ ಎಷ್ಟು? ವರ್ಷಕ್ಕೆ ಶೇ 7ರ ಬಡ್ಡಿಯಲ್ಲಿ ಸುಮಾರು 25,800. ಶೇ 12ರಲ್ಲಿ ಸುಮಾರು 10,400. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂಬ ನಮ್ಮ ಊರಿನ ಕೈಸಾಲದ ಬಡ್ಡಿಯಲ್ಲಿ, ವರ್ಷಕ್ಕೆ ಶೇ 24 ಎಂದು ಹಿಡಿದರೆ, 1,354 ರೂಪಾಯಿ. ಬ್ಯಾಂಕಿನ ಸಾಲ ಸಿಕ್ಕವನಿಗೆ ಮೊಮ್ಮಗನ ನೀರಿಗೆ ಕಾಲು ಭಾಗ ಬೆಲೆ ಕಾಣುತ್ತದೆ, ಕೈಸಾಲದವನಿಗೆ ಅದರ ಬೆಲೆ ಕಾಣುವುದೇ ಇಲ್ಲ. ಸಾಲದಲ್ಲಿರುವವನಿಗೆ ‘ಮುಂದಿನ ಪೀಳಿಗೆಗೆ ಉಳಿಸಪ್ಪ’ ಎಂದು ಉಪದೇಶ ಮಾಡುವುದಕ್ಕಿಂತ ಅವನ ಬಡ್ಡಿ ಇಳಿಸುವುದು ನೀರಿಗೆ ಒಳ್ಳೆಯದು. ಹಾಗೆಯೇ, ಯೋಜನೆಗಳ ಲಾಭ-ನಷ್ಟ ಹಾಕುವಾಗ ಯಾವ ಬಡ್ಡಿದರ ಹಿಡಿಯುತ್ತೇವೆ ಎಂಬುದು ಗಣಿತದ ಪ್ರಶ್ನೆ ಅಲ್ಲ. ಇನ್ನೂ ಹುಟ್ಟದವರ ಮಾತಿಗೆ ಎಷ್ಟು ತೂಕ ಕೊಡುತ್ತೇವೆ ಎಂಬ ಧರ್ಮದ ಪ್ರಶ್ನೆ ಅದು.

ಖರ್ಚು ಹೊರುವವರು

ನೀರಿನ ಮಟ್ಟ ಇಳಿದಾಗ ಮೊದಲು ಒಣಗುವುದು ಆಳದ ಬೋರಲ್ಲ. ಮೊದಲು ತೆರೆದ ಬಾವಿ, ಆಮೇಲೆ ಕೈಪಂಪು. ಸಾಮಾನ್ಯ ಇಂಡಿಯಾ ಮಾರ್ಕ್-2 ಕೈಪಂಪು ಸುಮಾರು 45 ಮೀಟರ್ ಆಳದವರೆಗಷ್ಟೇ ನೀರೆತ್ತುತ್ತದೆ. ಓಣಿಯ ಹೆಣ್ಣುಮಕ್ಕಳು ಕೊಡ ಹಿಡಿದು ಟ್ಯಾಂಕರ್ ಕಾಯುವ ಹೊತ್ತು ಯಾವ ಕಬ್ಬಿನ ಬಿಲ್ಲಿನಲ್ಲೂ ಕಡಿತವಾಗುವುದಿಲ್ಲ. ಒಬ್ಬರ ವ್ಯವಹಾರದ ಖರ್ಚು ವ್ಯವಹಾರದ ಹೊರಗಿನವರ ಮೇಲೆ ಬೀಳುವುದನ್ನು ಕಳೆದ ಶತಮಾನದ ಆರಂಭದಲ್ಲೇ ಆರ್ಥರ್ ಪಿಗೂ ಎಂಬ ಅರ್ಥಶಾಸ್ತ್ರಜ್ಞ ವಿವರಿಸಿದ್ದ; ಅಂಥ ಖರ್ಚನ್ನು ಮಾಡಿದವನಿಂದಲೇ ತೆರಿಗೆಯಾಗಿ ವಸೂಲು ಮಾಡಿ ಎಂದ. ಬೋರಿಗೆ ಮೀಟರೇ ಇಲ್ಲದ ಊರಲ್ಲಿ ತೆರಿಗೆ ಹಾಕುವುದು ಯಾವುದಕ್ಕೆ?

ಲವಣ ಏರಿ, ನೀರು ನಿಂತು ಹೊಲ ಕೆಡುವ ಸವಳು-ಜವಳಿನ ಕತೆ ಇನ್ನೂ ಆಳವಾದದ್ದು. ಘಟಪ್ರಭಾ, ಮಲಪ್ರಭಾ, ಕೃಷ್ಣಾ ಅಚ್ಚುಕಟ್ಟಿನ ಎರೆ ಭೂಮಿಯಲ್ಲಿ ಬಿಳಿ ಹೊದಿಕೆ ಹೊದ್ದ ಹೊಲಗಳನ್ನು ನೀವು ನೋಡಿದ್ದೀರಿ. ಅದರ ಲೆಕ್ಕವೂ ಹೀಗೆಯೇ. ಲೀಟರಿಗೆ ಅರ್ಧ ಗ್ರಾಂ ಲವಣ ಇರುವ ನೀರು ಕುಡಿಯಲೂ ನಡೆಯುತ್ತದೆ. ಆ ನೀರನ್ನೇ 1,500 ಮಿಲಿಮೀಟರ್ ಹರಿಸಿದರೆ ಒಂದು ಎಕರೆಗೆ ವರ್ಷಕ್ಕೆ ಮೂರು ಟನ್ ಲವಣ ಹೊತ್ತು ಹಾಕಿದಂತೆ. ನೀರು ಆವಿಯಾಗಿ ಹೋಗುತ್ತದೆ, ಲವಣ ಉಳಿಯುತ್ತದೆ. ಬಸಿಗಾಲುವೆ ಇಲ್ಲದಿದ್ದರೆ ನೆಲದ ನೀರು ಮೇಲೇರಿ, ಬೇರಿನ ಮಟ್ಟಕ್ಕೆ ಬಂದು, ಬಿಸಿಲಿಗೆ ಲವಣವನ್ನು ಮೇಲ್ಮೈಗೆ ತರುತ್ತದೆ. ಎತ್ತರದ ಹೊಲದವನು ಹರಿಸಿದ ನೀರು ಬಸಿದು ತಗ್ಗಿನ ಹೊಲದಲ್ಲಿ ಏಳುತ್ತದೆ. ಮೇಲಿನವನ ಇಳುವರಿ ಚೆನ್ನಾಗಿಯೇ ಇರುತ್ತದೆ, ಕೆಳಗಿನವನ ಹೊಲದಲ್ಲಿ ಜೋಳವೂ ಮೊಳೆಯುವುದಿಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಮಣ್ಣು ಪರೀಕ್ಷೆ ಮಾಡಿಸದೆ ಜಿಪ್ಸಮ್ ಸುರಿಯುವುದು. ಎರಡು ಬೇರೆ ಬೇರೆ ರೋಗಗಳಿವೆ. ಮಣ್ಣಿನ ವಿದ್ಯುತ್ ವಾಹಕತೆ, ಅಂದರೆ ಇಸಿ, ಮೀಟರಿಗೆ 4 ಡೆಸಿಸೀಮನ್ಸ್‌ಗಿಂತ ಹೆಚ್ಚಿದ್ದು ರಸಸಾರ (ಪಿಎಚ್) 8.5ಕ್ಕಿಂತ ಕೆಳಗಿದ್ದರೆ ಅದು ಲವಣದ ಸಮಸ್ಯೆ. ಇದಕ್ಕೆ ಮದ್ದು ನೀರು ಕಟ್ಟಿ ಲವಣ ತೊಳೆದು ಹೊರಗೆ ಬಸಿಯುವುದು. ರಸಸಾರ 8.5 ದಾಟಿ ಸೋಡಿಯಂ ಪಾಲು ನೂರಕ್ಕೆ 15 ಮೀರಿದ್ದರೆ ಅದು ಕ್ಷಾರದ ಸಮಸ್ಯೆ. ಜಿಪ್ಸಮ್ ಕೆಲಸ ಮಾಡುವುದು ಇಲ್ಲಿ, ಅದೂ ಬಸಿಯಲು ದಾರಿ ಇದ್ದರೆ. ದಾರಿ ಇಲ್ಲದ ಕಡೆ ಜಿಪ್ಸಮ್ ಹಾಕಿದರೆ ಹಣ ಹೋಗುತ್ತದೆ, ಲವಣದ ಹೊರೆ ಹೆಚ್ಚಾಗುತ್ತದೆ. ನೆಲದೊಳಗೆ ಸುಮಾರು ಒಂದು ಮೀಟರ್ ಆಳದಲ್ಲಿ ತೂತಿನ ಪೈಪು ಹಾಕಿ, ಅದರ ಮೇಲೆ ಸೋಸು ಬಟ್ಟೆ ಸುತ್ತಿ, ನೀರನ್ನು ಹಳ್ಳಕ್ಕೆ ಬಿಡುವ ಪದ್ಧತಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಒಬ್ಬನ ಹೊಲದಲ್ಲಿ ಹಾಕಿದರೆ ಉಪಯೋಗವಿಲ್ಲ. ಪೈಪು ಇಳಿಜಾರಿಗೆ ತಕ್ಕಂತೆ ಹತ್ತು ಜನರ ಹೊಲ ದಾಟಬೇಕು, ಕೊನೆಯವನು ತನ್ನ ಬದುವಿನಲ್ಲಿ ದಾರಿ ಬಿಡಬೇಕು. ಬಹಳ ಕಡೆ ಕೆಲಸ ನಿಲ್ಲುವುದು ಈ ಕೊನೆಯ ಬದುವಿನಲ್ಲಿ. ಅವನಿಗೆ ಪರಿಹಾರ ಕೊಟ್ಟು ಒಪ್ಪಿಸುವ ಖರ್ಚನ್ನು ಅಂದಾಜಿನಲ್ಲಿ ಮೊದಲೇ ಸೇರಿಸಿ.

ಕಾಲುವೆಯ ತುದಿಯ ರೈತನ ಲೆಕ್ಕ ಚಿಕ್ಕದು, ಹೇಳಿ ಮುಂದೆ ಹೋಗುತ್ತೇನೆ. ಒಂದು ತೂಬಿಗೆ 1 ಕ್ಯುಸೆಕ್, ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು, ಅದರ ಕೆಳಗೆ 100 ಎಕರೆ ಎಂದುಕೊಳ್ಳಿ. ವಾರಕ್ಕೆ 168 ಗಂಟೆ. ಪಾಳಿ ಸರಿಯಾಗಿ ನಡೆದರೆ ಎಕರೆಗೆ 1 ಗಂಟೆ 40 ನಿಮಿಷ, ಸುಮಾರು 42 ಮಿಲಿಮೀಟರ್. ಮೇಲಿನ 30 ಎಕರೆಯವರು ಇಮ್ಮಡಿ ತೆಗೆದುಕೊಂಡರೆ ಉಳಿದ 70 ಎಕರೆಗೆ ಎಕರೆಗೆ 24 ಮಿಲಿಮೀಟರ್ ಉಳಿಯುತ್ತದೆ, ಅದೂ ಹೊಲಗಾಲುವೆಯ ಸೋರಿಕೆ ಕಳೆಯುವ ಮುಂಚೆ. ಬಿರುಕು ಬಿಟ್ಟ ಎರೆ ಹೊಲದಲ್ಲಿ ಅಷ್ಟು ನೀರು ಸಾಲಿನ ತುದಿ ಮುಟ್ಟುವುದೇ ಇಲ್ಲ. ಮೇಲಿನವನಿಗೆ ಅದು ‘ಸ್ವಲ್ಪ ಹೆಚ್ಚು’, ಕೆಳಗಿನವನಿಗೆ ಬೆಳೆಯೇ ಹೋಯಿತು. ಆ ನೀರು ಕಟ್ಟಿ ನಿಲ್ಲಿಸಲು ಬಾಗಲಕೋಟೆಯ ಹಳೆ ಊರಿನ ಒಂದು ಭಾಗ ಆಲಮಟ್ಟಿಯ ಹಿನ್ನೀರಿಗೆ ಹೋಯಿತು, ಅಲ್ಲಿನ ಜನ ನವನಗರಕ್ಕೆ ಬಂದರು ಎಂಬುದನ್ನೂ ಈ ಲೆಕ್ಕದ ಪಕ್ಕ ಬರೆಯಬೇಕು. ಊರು ಬಿಟ್ಟವರ ತ್ಯಾಗದ ನೀರನ್ನು ರಸ್ತೆಗೆ ಹರಿಸುವ ಹಕ್ಕು ಯಾರಿಗೂ ಇಲ್ಲ.

ಮಿತಿ ಹಾಕಿಕೊಂಡವರು

ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗದೆ ಇರದು ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಪರಿಸರ ವಿಜ್ಞಾನಿ ಬರೆದ. ಒಂದೋ ಸರ್ಕಾರ ಹಿಡಿಯಬೇಕು, ಇಲ್ಲ ಖಾಸಗಿಗೆ ಹಂಚಬೇಕು ಎಂಬುದು ಅದರಿಂದ ಜನ ತೆಗೆದುಕೊಂಡ ಪಾಠ. ಎಲಿನರ್ ಆಸ್ಟ್ರಮ್ ನೀರಾವರಿ, ಮೀನುಗಾರಿಕೆ, ಕಾಡುಗಳನ್ನು ನಡೆಸುವ ಊರುಗಳನ್ನು ಜಗತ್ತಿನಾದ್ಯಂತ ನೋಡಿ, ಮೂರನೆಯ ದಾರಿ ಇದೆ, ಜನ ತಾವೇ ನಿಯಮ ಮಾಡಿಕೊಂಡು ಶತಮಾನಗಟ್ಟಲೆ ನಡೆಸಿದ್ದಾರೆ ಎಂದು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ಗೌರವ ಪಡೆದ ಮೊದಲ ಮಹಿಳೆ.

ನಮ್ಮ ನೆಲದಲ್ಲೂ ಪುರಾವೆ ಇದೆ. ಆದಿಲ್‌ಶಾಹಿ ವಿಜಯಪುರದ ನೀರಿನ ವ್ಯವಸ್ಥೆಯನ್ನು ನೋಡಿ. ತೊರವಿ ಕಡೆಯ ಸುರಂಗ ಬಾವಡಿಯಲ್ಲಿ ನೀರು ಎತ್ತುತ್ತಿರಲಿಲ್ಲ, ನೆಲದ ನೀರಿನ ಪದರಕ್ಕೆ ಸುರಂಗ ಕೊರೆದು ಇಳಿಜಾರಿನಲ್ಲಿ ತಾನಾಗಿ ಹರಿಯಲು ಬಿಡುತ್ತಿದ್ದರು. 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಬರುತ್ತಿತ್ತು, ದಾರಿಯುದ್ದಕ್ಕೂ ಒತ್ತಡ ತಗ್ಗಿಸಲು ಗಂಜ್ ಎಂಬ ಗೋಪುರಗಳಿದ್ದವು. ಸುರಂಗದ ಗುಣ ಏನೆಂದರೆ, ಅದರ ಬಾಯಿಗಿಂತ ಮೇಲಿರುವ ನೀರಷ್ಟೇ ಹರಿದು ಬರುತ್ತದೆ. ಬರಗಾಲದಲ್ಲಿ ಹರಿವು ತಾನೇ ಕಡಿಮೆಯಾಗುತ್ತದೆ, ಬಂಡೆಯ ತಳ ಗೋರುವುದು ಅಸಾಧ್ಯ. ಅಂದರೆ ಮಿತಿ ಕಟ್ಟಡದಲ್ಲೇ ಇತ್ತು. ಬೋರಿನಲ್ಲಿ ಅಂಥ ಮಿತಿ ಇಲ್ಲ, ಅದಕ್ಕೇ ಅದನ್ನು ನಿಯಮದಲ್ಲಿ ತರಬೇಕಾಗುತ್ತದೆ.

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ವಂತಿಗೆ ಹಾಕಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು, ಅದನ್ನು ಶ್ರಮಬಿಂದು ಸಾಗರ ಎಂದು ಕರೆದರು. ರೈತರು ಒಂದಾಗುವುದಿಲ್ಲ ಎನ್ನುವವರಿಗೆ ಅಷ್ಟು ಸಾಕು. ಆದರೆ ನೀರು ತರಲು ಒಂದಾಗುವುದಕ್ಕೂ, ಇದ್ದ ನೀರಿಗೆ ಮಿತಿ ಹಾಕಲು ಒಂದಾಗುವುದಕ್ಕೂ ವ್ಯತ್ಯಾಸ ಇದೆ. ತರುವಾಗ ಎಲ್ಲರ ಪಾಲೂ ಬೆಳೆಯುತ್ತದೆ. ಮಿತಿ ಹಾಕುವಾಗ ಎಲ್ಲರೂ ಇವತ್ತೇ ಏನನ್ನಾದರೂ ಬಿಡಬೇಕು, ಫಲ ನಾಳೆ ಸಿಗುತ್ತದೆ, ಅದೂ ಪಕ್ಕದವನು ಮಾತು ಉಳಿಸಿಕೊಂಡರೆ.

ಅದನ್ನೂ ಮಾಡಿದವರಿದ್ದಾರೆ. ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿ, 1972ರ ಬರದ ನಂತರ, ವಿಲಾಸರಾವ್ ಸಾಳುಂಕೆ ಅವರು ಕಟ್ಟಿದ ಪಾಣಿ ಪಂಚಾಯತ್ ಮೂರು ಕಟ್ಟುನಿಟ್ಟು ಹಾಕಿತು. ನೀರಿನ ಪಾಲು ಹೊಲದ ಮೇಲೆ ಅಲ್ಲ, ಮನೆಯ ತಲೆಗಳ ಮೇಲೆ: ತಲೆಗೆ ಅರ್ಧ ಎಕರೆಯ ನೀರು, ಕುಟುಂಬಕ್ಕೆ ಎರಡೂವರೆ ಎಕರೆ ಮಿತಿ. ಕಬ್ಬಿಗೆ ನೀರಿಲ್ಲ. ಭೂಮಿ ಇಲ್ಲದವರಿಗೂ ಪಾಲು ಉಂಟು. ಅಹಮದ್‌ನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಹಿವ್ರೆ ಬಜಾರಿನಲ್ಲಿ ಪೋಪಟರಾವ್ ಪವಾರ್ ಸರಪಂಚರಾಗಿದ್ದಾಗ ನೀರಾವರಿಗೆ ಬೋರು ಕೊರೆಯುವುದನ್ನು, ಕಬ್ಬು ಮತ್ತು ಬಾಳೆ ಬೆಳೆಯುವುದನ್ನು ಊರೇ ನಿಲ್ಲಿಸಿತು. ಪ್ರತಿವರ್ಷ ಮಳೆ ಅಳೆದು, ನೀರಿನ ಲೆಕ್ಕ ಓದಿ, ಆ ವರ್ಷ ಏನು ಬಿತ್ತಬೇಕೆಂದು ಗ್ರಾಮಸಭೆಯಲ್ಲಿ ನಿರ್ಧರಿಸುತ್ತಾರೆ. ಕಾಯಕದ ಜೊತೆಗೆ ದಾಸೋಹವನ್ನು ಕಟ್ಟಿದ ಬಸವಣ್ಣನವರ ನೆಲದಲ್ಲಿ ಇದು ಪರಕೀಯ ವಿಚಾರ ಅಲ್ಲ. ದುಡಿಮೆ ಮುಗಿಸಿ ಮಿಕ್ಕಿದ್ದನ್ನು ದಾನ ಕೊಡುವುದು ಬೇರೆ, ಹಂಚಿಕೆಯನ್ನೇ ದುಡಿಮೆಯ ಭಾಗವಾಗಿ ಕಾಣುವುದು ಬೇರೆ.

ಹನಿ ನೀರಾವರಿಯ ವಿಷಯದಲ್ಲಿ ಒಂದು ಎಚ್ಚರಿಕೆ

ಹನಿ ನೀರಾವರಿ ಒಳ್ಳೆಯದು, ಗೊಬ್ಬರ ಉಳಿಯುತ್ತದೆ, ಕಳೆ ಕಡಿಮೆ, ಇಳುವರಿ ಹೆಚ್ಚು. ಆದರೆ ಅದು ಊರಿನ ನೀರನ್ನು ಉಳಿಸುತ್ತದೆ ಎಂಬುದು ಅರ್ಧ ಸತ್ಯ. ಸಾಲಿನಲ್ಲಿ 1,500 ಮಿಲಿಮೀಟರ್ ಹರಿಸುವವನ ನೀರಿನಲ್ಲಿ ಕಾಲು ಭಾಗ ಮತ್ತೆ ಇಂಗಿದರೆ ನೆಲದಿಂದ ನಿಜವಾಗಿ ಹೋದದ್ದು 1,125. ಹನಿಯಲ್ಲಿ 1,000 ಕೊಟ್ಟರೆ ಇಂಗುವುದು ಬಹಳ ಕಡಿಮೆ, ಹೋದದ್ದು ಸುಮಾರು 950. ಉಳಿತಾಯ 500 ಅಲ್ಲ, 175. ಅವನು ‘ಉಳಿದ’ ನೀರಿನಲ್ಲಿ ಇನ್ನರ್ಧ ಎಕರೆ ನೆಟ್ಟ ಎನ್ನಿ: ಒಟ್ಟು ಖರ್ಚು 1,425ಕ್ಕೆ ಏರಿತು, ಮೊದಲಿಗಿಂತ ಹೆಚ್ಚು. ಕಲ್ಲಿದ್ದಲಿನ ವಿಷಯದಲ್ಲಿ ಇದನ್ನೇ ವಿಲಿಯಂ ಜೆವನ್ಸ್ 1865ರಲ್ಲಿ ಹೇಳಿದ್ದ: ಯಂತ್ರ ಸುಧಾರಿಸಿದಷ್ಟೂ ಬಳಕೆ ಏರುತ್ತದೆ. ಅದಕ್ಕೆ ಎಕರೆಯ ಮಿತಿ ಬರೆದುಕೊಂಡ ಮೇಲೆಯೇ ಹನಿಯ ಸಹಾಯಧನ ಹಂಚಬೇಕು. ಸೋಲಾರ್ ಪಂಪಿಗೂ ಇದೇ ಮಾತು. ಬಿಸಿಲು ಇರುವಷ್ಟು ಹೊತ್ತು ಪುಕ್ಕಟೆ ನೀರು. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿಯಲ್ಲಿ ರೈತರ ಸಹಕಾರ ಸಂಘ ಮಿಕ್ಕ ಸೋಲಾರ್ ಕರೆಂಟನ್ನು ಗ್ರಿಡ್ಡಿಗೆ ಮಾರಿತು. ಪಂಜಾಬ್ 2018ರಲ್ಲಿ ಉಚಿತ ಕರೆಂಟಿನ ಪಾಲಿನಲ್ಲಿ ಉಳಿಸಿದ ಪ್ರತಿ ಯೂನಿಟ್ಟಿಗೆ ರೈತರಿಗೆ 4 ರೂಪಾಯಿ ಕೊಡುವ ಪ್ರಯೋಗ ಶುರು ಮಾಡಿತು. ಉಚಿತವನ್ನು ಕಿತ್ತುಕೊಳ್ಳದೆ ನೀರಿಗೆ ಬೆಲೆ ತರುವ ದಾರಿ ಇದು, ನಮ್ಮ ಹೆಸ್ಕಾಂ ಸೀಮೆಯಲ್ಲೂ ಮಾಡಿ ನೋಡಲು ಯೋಗ್ಯ.

ಹನಿ ಪೈಪು ಹಾಕಲು ಹಣ ಇಲ್ಲದವರು ಇವತ್ತೇ ಮಾಡಬಹುದಾದದ್ದೂ ಇದೆ. ಕಬ್ಬಿನ ರವದಿಯನ್ನು, ಅಂದರೆ ಒಣ ಎಲೆಯನ್ನು ಸುಡಬೇಡಿ. ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಹಾಸಿ, ಬರಿ ಸಾಲಿಗಷ್ಟೇ ನೀರು ಬಿಡಿ. ಬಿಸಿಲಿಗೆ ಮಣ್ಣಿನಿಂದ ಸುಮ್ಮನೆ ಹಾರುವ ನೀರು ಉಳಿಯುತ್ತದೆ. ಇದು ನಿಜವಾದ ಉಳಿತಾಯ, ಯಾಕೆಂದರೆ ಹಾರಿ ಹೋದ ನೀರು ಯಾರ ಬಾವಿಗೂ ಮರಳುವುದಿಲ್ಲ.

ಊರಲ್ಲಿ ಶುರು ಮಾಡುವುದು ಹೇಗೆ

ಊರಿನ ಎಲ್ಲ ಬೋರಿಗೂ ಮೀಟರ್ ಬೇಕಿಲ್ಲ. ಹತ್ತು ಬೋರು ಆಯ್ದುಕೊಳ್ಳಿ: ಎತ್ತರದಲ್ಲಿ ಮೂರು, ನಡುವೆ ನಾಲ್ಕು, ಹಳ್ಳದ ಪಕ್ಕ ಮೂರು. ಮುಂದಿನ ಸಲ ಮೋಟರ್ ಇಳಿಸುವಾಗ ಕೇಸಿಂಗಿನೊಳಗೆ ಒಂದು ಅರ್ಧ ಇಂಚಿನ ಪೈಪನ್ನು ಜೊತೆಗೆ ಇಳಿಸಿ, ಅಳತೆಯ ದಾರ ಕೇಬಲ್ಲಿಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಪ್ರತಿ ತಿಂಗಳು ಒಂದೇ ತಾರೀಖಿಗೆ, ಮೋಟರ್ ನಿಂತು ಕನಿಷ್ಠ ಎಂಟು ಗಂಟೆ ಆದ ಮೇಲೆ ಅಳೆಯಿರಿ. ಮೋಟರ್ ನಿಲ್ಲಿಸಿದ ಕೂಡಲೇ ಅಳೆದ ಅಂಕಿ ಸುಳ್ಳು ಹೇಳುತ್ತದೆ, ಪಕ್ಕದ ಬೋರು ನಡೆಯುತ್ತಿದ್ದರೂ ಸುಳ್ಳೇ. ಶಾಲೆಯ ಅಂಗಳದಲ್ಲಿ ಮಳೆ ಮಾಪಕ ಇಡಿ, ಮರದ ಕೆಳಗೆ ಬೇಡ. ಅಂಕಿಗಳನ್ನು ಪಂಚಾಯತಿಯ ಕಪಾಟಿನಲ್ಲಿ ಇಡಬೇಡಿ, ಚಾವಡಿಯ ಗೋಡೆಗೆ ಬಣ್ಣದಲ್ಲಿ ಬರೆಯಿರಿ.

ಅಕ್ಟೋಬರ್ ಕೊನೆಗೆ, ಹಿಂಗಾರಿ ಬಿತ್ತುವ ಮುಂಚೆ ಸಭೆ ಸೇರಿ. ಮೇ ತಿಂಗಳಿನಿಂದ ಮಟ್ಟ ಎಷ್ಟು ಮೀಟರ್ ಏರಿದೆ ಎಂದು ನೋಡಿ, ಮೀಟರಿಗೆ 20 ಮಿಲಿಮೀಟರ್ ಲೆಕ್ಕದಲ್ಲಿ ಊರಿನ ಎಕರೆಗಳಿಂದ ಗುಣಿಸಿ. ಅದು ಆ ವರ್ಷದ ಜಮೆ. ಅದರಲ್ಲಿ ಮೊದಲು ಜನಕ್ಕೆ ತಲೆಗೆ ದಿನಕ್ಕೆ 55 ಲೀಟರ್, ಆಮೇಲೆ ದನಕರುಗಳಿಗೆ ತೆಗೆದಿಡಿ. ಉಳಿದದ್ದು ಬೆಳೆಗೆ. ಹಿಂಗಾರಿ ಜೋಳ, ಕಡಲೆ, ಕುಸುಬೆಗೆ ಒಂದೆರಡು ರಕ್ಷಣಾ ನೀರು ಸಾಕು. ಎಷ್ಟು ಎಕರೆಗೆ ಆಗುತ್ತದೆ, ಎಷ್ಟು ಎಕರೆ ಕಬ್ಬು ತಡೆದೀತು ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಈಗ ಇರುವ ಕಬ್ಬನ್ನು ಕೀಳಿಸಲು ಹೋಗಬೇಡಿ, ಜಗಳವಾಗಿ ಸಭೆಯೇ ಒಡೆಯುತ್ತದೆ. ಕುಳೆ, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ, ಮುಗಿದ ಮೇಲೆ ಹೊಸ ನಾಟಿಗೆ ಮಿತಿ ಹಾಕಿ.

ದಂಡ ಸಣ್ಣದರಿಂದ ಶುರುವಾಗಬೇಕು. ಮೊದಲ ತಪ್ಪಿಗೆ ಸಭೆಯಲ್ಲಿ ಹೆಸರು, ಎರಡನೆಯದಕ್ಕೆ ಸಣ್ಣ ಹಣ, ಮೂರನೆಯದಕ್ಕೆ ಒಂದು ಪಾಳಿ ಕಟ್. ಮೊದಲ ದಿನವೇ ಭಾರಿ ದಂಡ ಬರೆದ ಊರುಗಳಲ್ಲಿ ಯಾರೂ ಯಾರ ಮೇಲೂ ಅದನ್ನು ಹಾಕುವ ಧೈರ್ಯ ಮಾಡುವುದಿಲ್ಲ, ನಿಯಮ ಅಲ್ಲೇ ಸಾಯುತ್ತದೆ. ನೀರಗಂಟಿಗೆ ಸಂಬಳ ಕೊಡಿ, ಅದು ಬಳಕೆದಾರರ ವಂತಿಗೆಯಿಂದಲೇ ಬರಲಿ. ಪುಕ್ಕಟೆ ಕಾವಲುಗಾರ ದೊಡ್ಡವರ ಹೊಲದ ಕಡೆ ನೋಡುವುದಿಲ್ಲ.

ಕೆರೆ ತುಂಬುವ ಯೋಜನೆ ಬಂದ ಊರುಗಳಿಗೆ ಇನ್ನೊಂದು ಮಾತು. ಕೆರೆಗೆ ನೀರು ಬಂದ ವರ್ಷವೇ ಕೆರೆಯ ಕೆಳಗೆ ಹೊಸ ಬೋರುಗಳು ಏಳುತ್ತವೆ, ಸಾರ್ವಜನಿಕ ಹಣದಲ್ಲಿ ತುಂಬಿದ ನೀರು ಹತ್ತು ಹೊಲಕ್ಕೆ ಇಳಿಯುತ್ತದೆ. ಕೆರೆ ತುಂಬುವ ಮುಂಚೆ ಠರಾವು ಮಾಡಿ: ಕೆರೆಯಿಂದ ಇಷ್ಟು ದೂರದೊಳಗೆ ಹೊಸ ಬೋರು ಇಲ್ಲ, ಇದ್ದ ಬೋರಿನವರು ಹೂಳೆತ್ತಲು ಹೆಚ್ಚು ವಂತಿಗೆ ಕೊಡಬೇಕು. ತುಂಬಿದ ಮೇಲೆ ಆ ಠರಾವು ಆಗುವುದಿಲ್ಲ.

ಸಭೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ: ‘ಹೊಲ ಇಲ್ಲದವರಿಗೆ ನೀರಿನ ಪಾಲು ಕೊಟ್ಟರೆ ಅವರು ಅದನ್ನು ಏನು ಮಾಡಬೇಕು ಸರ್?’ ಉತ್ತರ ಇಲ್ಲಿ ಬರೆಯುತ್ತೇನೆ. ಪಾಲು ಇದ್ದರೆ ಮೂರು ದಾರಿ ತೆರೆಯುತ್ತವೆ. ನೀರಿಲ್ಲದ ಹೊಲದವನ ಜೊತೆ ಪಾಲಿನಲ್ಲಿ ಬೆಳೆಯಬಹುದು, ಅವನ ನೆಲ, ಇವರ ನೀರು, ಕಾಳು ಅರ್ಧರ್ಧ. ಮೇವು ಬೆಳೆದು ಎರಡು ಎಮ್ಮೆ ಕಟ್ಟಬಹುದು. ಇಲ್ಲವೇ ಆ ವರ್ಷದ ಪಾಲನ್ನು ಊರೊಳಗಿನ ಇನ್ನೊಬ್ಬರಿಗೆ ಸಭೆಯ ದರದಲ್ಲಿ ಬಿಟ್ಟುಕೊಡಬಹುದು. ಊರ ಹೊರಗೆ ಮಾರಲು ಬಿಡಬಾರದು, ಒಂದು ವರ್ಷಕ್ಕಿಂತ ಹೆಚ್ಚಿಗೆ ಬರೆದುಕೊಡಲೂ ಬಿಡಬಾರದು. ಬಿಟ್ಟರೆ ಮದುವೆಯ ಖರ್ಚಿಗೋ ಆಸ್ಪತ್ರೆಯ ಖರ್ಚಿಗೋ ಪಾಲು ಸಾಹುಕಾರನ ಕೈ ಸೇರುತ್ತದೆ. ಪಾಲಿನ ಪುಸ್ತಕದಲ್ಲಿ ಮನೆಯ ಹೆಂಗಸಿನ ಹೆಸರನ್ನೂ ಗಂಡಸಿನ ಜೊತೆ ಬರೆಯಿರಿ, ಬಿಟ್ಟುಕೊಡುವಾಗ ಇಬ್ಬರ ಸಹಿಯೂ ಬೇಕು ಎಂದು ಠರಾವಿನ ಮೊದಲ ಪುಟದಲ್ಲೇ ಇರಲಿ.